ಕಾಲೇಜಿನಲ್ಲಿ ಕಾಪಿರೈಟ್: ವಿದ್ಯಾರ್ಥಿಗಳು, ಮೇಷ್ಟ್ರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಜೆರಾಕ್ಸ್ ಅಂಗಡಿ, ವಾಟ್ಸಾಪ್ ಗ್ರೂಪ್, ಕಾಲೇಜ್ ಡೇ, ಪಿಎಚ್‌ಡಿ ಪ್ರಬಂಧ, ಫೈನಲ್ ಇಯರ್ ಪ್ರಾಜೆಕ್ಟ್. ಕಾಲೇಜಿನಲ್ಲಿ ಕಾಪಿರೈಟ್ ಕಾನೂನು ತಲೆ ಹಾಕುವ ಜಾಗಗಳು ಇವೇ. ಲೈಬ್ರರಿ ಕೌಂಟರ್‌ನಲ್ಲಿ ಕೂತು ಈ ಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರ ಹೇಳಿದ ಮೇಲೆ ನನಗೆ ಅನಿಸಿದ್ದು ಇಷ್ಟು: ನಮ್ಮವರು ಹೆದರಬೇಕಿಲ್ಲದ ಕಡೆ ಸುಮ್ನೆ ಹೆದರುತ್ತಾರೆ, ಹುಷಾರಾಗಿರಬೇಕಾದ ಕಡೆ ಆರಾಮಾಗಿರುತ್ತಾರೆ. ಪಾಠಕ್ಕೆ ಅಂತ ನಮ್ಮ ಕಾನೂನು ಬಿಟ್ಟಿರುವ ಜಾಗ ದೊಡ್ಡದು. ಕ್ಯಾಂಪಸ್ ಗೇಟು ದಾಟಿದ ಮೇಲೆ ಲೆಕ್ಕ ಬೇರೆ.

ಇಲ್ಲಿರುವುದು ಭಾರತದ ಕಾನೂನಿನ ಸಾಮಾನ್ಯ ವಿವರಣೆ, ಮುಖ್ಯವಾಗಿ 1957ರ ಕಾಪಿರೈಟ್ ಕಾಯ್ದೆ. ನಿಮ್ಮದು ಈಗಾಗಲೇ ಜಗಳದ ಹಂತಕ್ಕೆ ಬಂದಿದ್ದರೆ ವಕೀಲರನ್ನು ಕಾಣಿ.

ಪಠ್ಯಪುಸ್ತಕದ ಒಂದೆರಡು ಅಧ್ಯಾಯ ಜೆರಾಕ್ಸ್ ಮಾಡಿಸಿದರೆ ತಪ್ಪಾ?

ಪಾಠಕ್ಕೆ ಬೇಕಾಗಿದ್ದರೆ ತಪ್ಪಿಲ್ಲ. ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಅನುಮತಿ ಇಲ್ಲದೆ ಏನೇನು ಮಾಡಬಹುದು ಅನ್ನುವ ಉದ್ದನೆಯ ಪಟ್ಟಿ ಇದೆ. ಅಧ್ಯಾಪಕರಾಗಲಿ ವಿದ್ಯಾರ್ಥಿಯಾಗಲಿ ಬೋಧನೆಯ ಭಾಗವಾಗಿ ಕೃತಿಯನ್ನು ನಕಲು ಮಾಡಬಹುದು ಅನ್ನುವುದು ಅದರಲ್ಲಿ ಒಂದು. ಸ್ವಂತ ಓದಿಗೆ, ಸಂಶೋಧನೆಗೆ ನ್ಯಾಯವಾದ ಮಟ್ಟಿಗೆ ಬಳಸುವುದಕ್ಕೆ ಬೇರೆಯೇ ಅವಕಾಶ ಇದೆ.

ಈ ಸಾಲುಗಳ ಬೆಲೆ ಗೊತ್ತಾಗಿದ್ದು ದೆಹಲಿ ವಿಶ್ವವಿದ್ಯಾಲಯದ ಕೇಸಿನಲ್ಲಿ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೋಕಾಪಿ ಸರ್ವಿಸಸ್ ಅಂತ ಒಂದು ಪುಟ್ಟ ಅಂಗಡಿ. ಸಿಲಬಸ್‌ನಲ್ಲಿ ಹೇಳಿದ ಬೇರೆ ಬೇರೆ ಪುಸ್ತಕಗಳಿಂದ ಬೇಕಾದ ಭಾಗಗಳನ್ನಷ್ಟೇ ತೆಗೆದು, ಸ್ಪೈರಲ್ ಬೈಂಡ್ ಮಾಡಿ, 'ಕೋರ್ಸ್ ಪ್ಯಾಕ್' ಅಂತ ವಿದ್ಯಾರ್ಥಿಗಳಿಗೆ ಮಾರುತ್ತಿತ್ತು. 2012ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್, ಟೇಲರ್ ಅಂಡ್ ಫ್ರಾನ್ಸಿಸ್ ಸೇರಿಕೊಂಡು ಅಂಗಡಿ ಮೇಲೂ ವಿಶ್ವವಿದ್ಯಾಲಯದ ಮೇಲೂ ಕೇಸು ಹಾಕಿದವು. ತಮಾಷೆ ಏನೆಂದರೆ, ಯಾರ ಬರಹಗಳ ಹೆಸರಿನಲ್ಲಿ ಕೇಸು ಬಿತ್ತೋ ಆ ಲೇಖಕರಲ್ಲೇ ಹಲವರು 'ನಮಗೆ ಈ ಕೇಸು ಬೇಡ' ಅಂತ ಸಹಿ ಹಾಕಿದರು. ವಿದ್ಯಾರ್ಥಿಗಳ ಒಂದು ಸಂಘ ತಾನೂ ಪ್ರತಿವಾದಿ ಆಗುತ್ತೇನೆ ಅಂತ ಕೋರ್ಟಿಗೆ ಬಂತು.

2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಕೇಸನ್ನು ವಜಾ ಮಾಡಿತು. ಮೇಲ್ಮನವಿಯಲ್ಲಿ ಡಿಸೆಂಬರ್ 9ರಂದು ವಿಭಾಗೀಯ ಪೀಠ ಇನ್ನೂ ಸ್ಪಷ್ಟ ಮಾಡಿತು: ಇಂತಿಷ್ಟೇ ಶೇಕಡಾ ಅನ್ನುವ ಮಿತಿ ಕಾಯ್ದೆಯಲ್ಲಿ ಇಲ್ಲ, ಬೋಧನೆಯ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟು ನಕಲು ಮಾಡಬಹುದು. ನಕಲು ಮಾಡುವ ಕೆಲಸವನ್ನು ಅಂಗಡಿಯವನಿಗೆ ವಹಿಸಿದ ಮಾತ್ರಕ್ಕೆ ಅದು ತಪ್ಪಾಗುವುದಿಲ್ಲ. ಕೋರ್ಸ್ ಪ್ಯಾಕ್‌ನಲ್ಲಿ ಸೇರಿಸಿದ್ದು ನಿಜವಾಗಿ ಪಾಠಕ್ಕೆ ಬೇಕಿತ್ತೇ ಅನ್ನುವ ವಿಷಯವನ್ನು ವಿಚಾರಣೆಗೆ ವಾಪಸ್ ಕಳಿಸಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರೇ ಕೇಸಿನಿಂದ ಹಿಂದೆ ಸರಿದರು.

ಇದು ದೆಹಲಿ ಹೈಕೋರ್ಟಿನ ತೀರ್ಪು. ಕರ್ನಾಟಕ ಹೈಕೋರ್ಟ್ ಇದನ್ನು ಪಾಲಿಸಲೇಬೇಕು ಅಂತೇನಿಲ್ಲ. ಆದರೂ ಈ ವಿಷಯದಲ್ಲಿ ದೇಶದಲ್ಲಿ ಎಲ್ಲರೂ ತೋರಿಸುವುದು ಇದನ್ನೇ.

ಹಾಗಾದರೆ ಇಡೀ ಪುಸ್ತಕವನ್ನೇ ಜೆರಾಕ್ಸ್ ಮಾಡಿಸಬಹುದಲ್ವಾ?

ತೀರ್ಪನ್ನು ಹಾಗೆ ಎಳೆಯಬೇಡಿ. 'ಉದ್ದೇಶಕ್ಕೆ ಬೇಕಾದಷ್ಟು' ಅನ್ನುವ ಮಾತೇ ಒಂದು ಮಿತಿ. ಅಂಗಡಿಯಲ್ಲಿ ಸಿಗುವ 400 ರೂಪಾಯಿಯ ಪುಸ್ತಕವನ್ನು ಮುಖಪುಟದಿಂದ ಹಿಡಿದು ಹಿಂಬದಿಯವರೆಗೆ ಪ್ರಿಂಟ್ ಹಾಕಿ 150ಕ್ಕೆ ಮಾರುವವನು ಪಾಠ ಮಾಡುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾನೆ. ಕನ್ನಡದ ಚಿಕ್ಕ ಪ್ರಕಾಶಕರ ವಿಷಯದಲ್ಲಂತೂ ನಾನು ಇನ್ನೂ ಬಿಗಿ. ಒಂದು ಪಠ್ಯ 1000 ಪ್ರತಿ ಅಚ್ಚಾಗಿ, ಇಡೀ ಕ್ಲಾಸು ಜೆರಾಕ್ಸ್ ಹೊಡೆಸಿಕೊಂಡರೆ ಎರಡನೇ ಮುದ್ರಣ ಬರುವುದೇ ಇಲ್ಲ.

ಪುಸ್ತಕ ಭಾರತದಲ್ಲಿ ಮಾರಾಟಕ್ಕೇ ಸಿಗುತ್ತಿಲ್ಲ ಅಂದರೆ ಮಾತು ಬೇರೆ. ಲಾಭಕ್ಕಾಗಿ ನಡೆಸದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಅಂಥ ಪುಸ್ತಕದ 3 ಪ್ರತಿಗಳವರೆಗೆ ಮಾಡಿಕೊಳ್ಳಬಹುದು. ತನ್ನ ಹತ್ತಿರ ಇರುವ ಮುದ್ರಿತ ಪ್ರತಿಯನ್ನು ಹಾಳಾಗದಂತೆ ಉಳಿಸಲು ಸ್ಕ್ಯಾನ್ ಮಾಡಿ ಇಡುವುದಕ್ಕೂ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಕ್ಲಾಸಿನ ವಾಟ್ಸಾಪ್ ಗ್ರೂಪ್‌ಗೆ ಪಿಡಿಎಫ್ ಹಾಕಬಹುದಾ? ಟೆಲಿಗ್ರಾಂ ಚಾನೆಲ್?

ನಿಮ್ಮ 60 ಹುಡುಗರ ಗ್ರೂಪಿಗೆ ನಾಳೆಯ ಪಾಠದ 12 ಪುಟ ಸ್ಕ್ಯಾನ್ ಮಾಡಿ ಹಾಕಿದರೆ ಅದು ಬೋಧನೆಯ ಭಾಗ ಅಂತ ಧೈರ್ಯವಾಗಿ ಹೇಳಬಹುದು. ಅದೇ ಪುಸ್ತಕದ ಪೂರ್ತಿ ಪಿಡಿಎಫ್ ಅನ್ನು ಯಾರು ಬೇಕಾದರೂ ಸೇರಬಹುದಾದ ಟೆಲಿಗ್ರಾಂ ಚಾನೆಲ್‌ಗೆ ಹಾಕಿದರೆ ಆ ಧೈರ್ಯ ಬೇಡ. ಅದು ಸಾರ್ವಜನಿಕರಿಗೆ ಹಂಚಿದ ಹಾಗೆ. ಕೆಪಿಎಸ್‌ಸಿ, ಕೆಸೆಟ್ ತಯಾರಿಯ ಎಷ್ಟೋ ಚಾನೆಲ್‌ಗಳು ಈ ಸಾಲಿಗೇ ಸೇರುತ್ತವೆ. 'ಫ್ರೀಯಾಗಿ ಕೊಡ್ತಿದ್ದೀನಿ, ದುಡ್ಡು ತಗೊಂಡಿಲ್ಲ' ಅನ್ನುವುದು ಒಳ್ಳೆಯ ಮನಸ್ಸು ಇರಬಹುದು, ಕಾನೂನಿನ ಎದುರು ಉತ್ತರ ಆಗುವುದಿಲ್ಲ. ಗೊತ್ತಿದ್ದೂ ಕಾಪಿರೈಟ್ ಉಲ್ಲಂಘಿಸಿದರೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಅಂತಾದರೆ ಕೋರ್ಟು ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು, ಅಷ್ಟೇ.

ಮೇಷ್ಟ್ರುಗಳಿಗೆ ಒಂದು ಮಾತು. ಗೂಗಲ್ ಕ್ಲಾಸ್‌ರೂಮ್‌ನಂಥ ಪಾಸ್‌ವರ್ಡ್ ಇರುವ ಜಾಗದಲ್ಲಿ ಪಾಠದ ಸಾಮಗ್ರಿ ಇಡಿ. ಅದೇ ಪಾಠವನ್ನು ಯೂಟ್ಯೂಬ್‌ಗೆ ಏರಿಸುವ ಮುಂಚೆ ಒಳಗಿರುವ ಸಿನಿಮಾ ತುಣುಕು, ಪುಸ್ತಕದ ಚಿತ್ರ, ಹಾಡು ಎಲ್ಲವನ್ನೂ ಮತ್ತೊಮ್ಮೆ ನೋಡಿ. ಕ್ಲಾಸಿನಲ್ಲಿ ನಡೆದದ್ದು ಅಲ್ಲಿ ನಡೆಯದೇ ಇರಬಹುದು.

ಗೂಗಲ್‌ನಲ್ಲಿ ಸಿಕ್ಕಿದ ಫೋಟೋ ಬಳಸಬಹುದಾ?

ಸೆಮಿನಾರ್ ಪಿಪಿಟಿಗೆ ಬಳಸಿ, ಮೂಲ ಬರೆಯಿರಿ. ಕಾಲೇಜಿನ ವೆಬ್‌ಸೈಟ್, ಅಡ್ಮಿಷನ್ ಬ್ರೋಷರ್, ಫ್ಲೆಕ್ಸ್‌ಗೆ ಬೇಡ. ಅವು ಜಾಹೀರಾತು. ಗೂಗಲ್ ಫೋಟೋ ಹುಡುಕಿ ತೋರಿಸುತ್ತದೆ, ಅದರ ಮಾಲೀಕ ಬೇರೆ ಯಾರೋ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ (ಷರತ್ತು ಪಾಲಿಸಿ ಯಾರು ಬೇಕಾದರೂ ಬಳಸಿ ಅಂತ ಮಾಲೀಕರೇ ಮೊದಲೇ ಕೊಟ್ಟಿರುವ ಅನುಮತಿ) ಇರುವ ಚಿತ್ರಗಳು ವಿಕಿಮೀಡಿಯ ಕಾಮನ್ಸ್‌ನಲ್ಲಿ ಬೇಕಾದಷ್ಟಿವೆ. ಅದಕ್ಕಿಂತ ಸುಲಭ, ನಿಮ್ಮ ವಿದ್ಯಾರ್ಥಿಗಳಲ್ಲೇ ಒಬ್ಬರ ಕೈಯಲ್ಲಿ ಕ್ಯಾಂಪಸ್ ಫೋಟೋ ತೆಗೆಸಿ, ಒಪ್ಪಿಗೆ ಬರೆಸಿಕೊಂಡು, ಹೆಸರು ಹಾಕಿ.

ಲೇಖಕರ ಹೆಸರು ಹಾಕಿದರೆ ಸಾಕಲ್ವಾ?

ಸಾಕಾಗುವುದಿಲ್ಲ. ಇಲ್ಲಿ ಎರಡು ಬೇರೆ ಬೇರೆ ವಿಷಯ ಬೆರೆತುಹೋಗಿವೆ, ಅಧ್ಯಾಪಕರೂ ಬೆರೆಸುತ್ತಾರೆ. ಹೆಸರು ಹಾಕದೆ ಬೇರೆಯವರ ಬರಹವನ್ನು ನಮ್ಮದೆಂದು ತೋರಿಸುವುದು ಕೃತಿಚೌರ್ಯ. ಅನುಮತಿ ಬೇಕಾದ ಕಡೆ ಅನುಮತಿ ಇಲ್ಲದೆ ಬಳಸುವುದು ಕಾಪಿರೈಟ್ ಉಲ್ಲಂಘನೆ. ಪಂಪನ ಪದ್ಯವನ್ನು ನನ್ನದೆಂದು ಹೇಳಿಕೊಂಡರೆ ಕಾಪಿರೈಟ್ ಕೇಸು ಬರುವುದಿಲ್ಲ, ಮಾನ ಹೋಗುತ್ತದೆ. ಇವತ್ತಿನ ಕವಿಯ ಇಡೀ ಸಂಕಲನವನ್ನು ಅವರ ಹೆಸರು ದೊಡ್ಡದಾಗಿ ಹಾಕಿಯೇ ನನ್ನ ಬ್ಲಾಗ್‌ನಲ್ಲಿ ಹಾಕಿದರೆ ಚೌರ್ಯದ ಮಾತಿಲ್ಲ, ನೋಟಿಸ್ ಮಾತ್ರ ಬರಬಹುದು.

ಪಿಎಚ್‌ಡಿ ಪ್ರಬಂಧದಲ್ಲಿ ಶೇಕಡಾ ಎಷ್ಟು ಹೋಲಿಕೆ ಇರಬಹುದು?

2018ರ ಯುಜಿಸಿ ನಿಯಮದಲ್ಲಿ ನಾಲ್ಕು ಹಂತ ಇವೆ. ಶೇ 10ರವರೆಗೆ ಶಿಕ್ಷೆ ಇಲ್ಲ. 10ರಿಂದ 40ರವರೆಗೆ ಇದ್ದರೆ 6 ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತೆಯೇ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಲೆಕ್ಕಕ್ಕಿಲ್ಲ. ಎಲ್ಲರಿಗೂ ಗೊತ್ತಿರುವ ಮಾತು ಅಥವಾ ಆಕಸ್ಮಿಕವಾಗಿ ಹೊಂದಿದ ಮಾತು 14 ಪದಗಳವರೆಗೆ ಸತತವಾಗಿ ಬಂದರೂ ಲೆಕ್ಕಕ್ಕಿಲ್ಲ.

ಕನ್ನಡ ಪ್ರಬಂಧಗಳಿಗೆ ಒಂದು ವಿಚಿತ್ರ ತೊಂದರೆ ಇದೆ. ಹಳೆಯ ನುಡಿ ಫಾಂಟಿನಲ್ಲಿ, ಅಂದರೆ ಯುನಿಕೋಡ್ ಅಲ್ಲದ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿದ ಫೈಲು ನಮ್ಮ ಕಣ್ಣಿಗೆ ಕನ್ನಡ. ಹೋಲಿಕೆ ಪತ್ತೆ ಮಾಡುವ ಸಾಫ್ಟ್‌ವೇರ್‌ಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್‌ನಲ್ಲಿರುವ ಮೂಲದಿಂದ ಪುಟಗಟ್ಟಲೆ ಎತ್ತಿದ್ದರೂ ವರದಿಯಲ್ಲಿ ಸೊನ್ನೆ ಬರಬಹುದು. ಹಳೆಯ ಪ್ರಬಂಧಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿದ್ದರೆ ಅಲ್ಲೂ ಇದೇ ಕಥೆ. ಹಾಗಾಗಿ ಕನ್ನಡ ಪ್ರಬಂಧದ 'ಶೇ 3' ವರದಿಯನ್ನು ಮಾರ್ಗದರ್ಶಕರು ಕಣ್ಣು ಮುಚ್ಚಿ ನಂಬಬಾರದು. ಓದಬೇಕು. ಯುನಿಕೋಡ್‌ಗೆ ಬದಲಿಸಿದ ಮೇಲೆಯೇ ಪರೀಕ್ಷೆಗೆ ಕಳಿಸಬೇಕು ಅನ್ನುವುದನ್ನು ಪ್ರತಿ ವಿಭಾಗವೂ ನಿಯಮ ಮಾಡಿಕೊಳ್ಳುವುದು ಒಳ್ಳೆಯದು.

ಯಾವ ಲೇಖಕರ ಕೃತಿ ಯಾವಾಗ ಎಲ್ಲರದ್ದಾಗುತ್ತದೆ?

ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಎಣಿಸಿ. ಬಿ.ಎಂ.ಶ್ರೀ ಮತ್ತು ಕೈಲಾಸಂ ಇಬ್ಬರೂ 1946ರಲ್ಲಿ ತೀರಿಕೊಂಡವರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2007ರಿಂದ ಎಲ್ಲರವು. ಡಿ.ವಿ.ಜಿ. 1975ರಲ್ಲಿ ಹೋದರು, ಹಾಗಾಗಿ 2035ರ ಕೊನೆಯವರೆಗೆ ಹಕ್ಕು ಇದೆ. ಬೇಂದ್ರೆಯವರದ್ದು 2041ರ ಕೊನೆಯವರೆಗೆ, ಕುವೆಂಪು ಅವರದ್ದು 2054ರ ಕೊನೆಯವರೆಗೆ. ಲೇಖಕರು ಹೋದ ಮೇಲೆ ಮೊದಲ ಬಾರಿ ಪ್ರಕಟವಾದ ಬರಹಗಳಿಗೆ ಪ್ರಕಟಣೆಯ ವರ್ಷದಿಂದ ಎಣಿಕೆ. ಸಿನಿಮಾ, ಧ್ವನಿಮುದ್ರಣಕ್ಕೂ ಹಾಗೆಯೇ, ಪ್ರಕಟಣೆಯಿಂದ 60 ವರ್ಷ.

ಹಳಗನ್ನಡ, ವಚನ, ದಾಸರ ಪದಗಳಿಗೆ ಯಾರ ಹಕ್ಕೂ ಇಲ್ಲ. ಆದರೆ ಇತ್ತೀಚಿನ ವಿದ್ವಾಂಸರೊಬ್ಬರು ಸಂಪಾದಿಸಿದ ಆವೃತ್ತಿಯಲ್ಲಿ ಅವರ ಮುನ್ನುಡಿ, ಟಿಪ್ಪಣಿ, ಗದ್ಯಾನುವಾದ ಇರುತ್ತದೆ. ಅದು ಅವರದ್ದು. ಪದ್ಯ ತಗೊಳ್ಳಿ, ಟಿಪ್ಪಣಿ ಬಿಡಿ.

ಇನ್ನೊಂದು ದಾರಿಯೂ ಇದೆ: ಹಕ್ಕು ಇರುವವರೇ ಬಿಟ್ಟುಕೊಡುವುದು. ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಡುಗಡೆ ಮಾಡಿತು. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಹೀಗೇ ಮುಕ್ತಗೊಳಿಸಿತು. ಕನ್ನಡ ವಿಭಾಗಗಳಿಗೆ ಇವು ಚಿನ್ನದಂಥ ಸಾಮಗ್ರಿ. ಎಷ್ಟು ಜನ ಬಳಸುತ್ತಿದ್ದಾರೋ.

ಕಾಲೇಜ್ ಡೇಗೆ ನಾಟಕ ಆಡಲು, ಸಿನಿಮಾ ತೋರಿಸಲು ಅನುಮತಿ ಬೇಕಾ?

ಆಡುವವರು ಸಿಬ್ಬಂದಿ, ವಿದ್ಯಾರ್ಥಿಗಳೇ ಆಗಿದ್ದು, ನೋಡುವವರು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು, ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ ಬೇಡ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅದೇ ಪ್ರೇಕ್ಷಕರಿಗೆ ಸಿನಿಮಾ ತೋರಿಸುವುದಕ್ಕೂ ಇದೇ ವಿನಾಯಿತಿ.

ಈ ಗೆರೆ ಎಲ್ಲಿದೆ ಅಂತ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ತಿಳಿದುಕೊಂಡವರು ನಮ್ಮ ಕರಾವಳಿಯವರೇ. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯ ರೂಪಕ್ಕೆ ತಂದು ಕೆಲವು ಪ್ರಸಂಗಗಳನ್ನು ಹೊಸದಾಗಿ ಕಟ್ಟಿದ್ದರು. 1997ರಲ್ಲಿ ಅವರು ತೀರಿಕೊಂಡ ಮೇಲೆ, 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ದೆಹಲಿಯಲ್ಲಿ ಒಂದು ಪ್ರದರ್ಶನ ಕೊಟ್ಟಿತು. ಕಾರಂತರ ಉಯಿಲಿನ ಮೂಲಕ ಹಕ್ಕು ಬಂದಿದ್ದವರು 'ನನ್ನ ಒಪ್ಪಿಗೆ ಪಡೆದಿಲ್ಲ' ಅಂತ ಉಡುಪಿಯ ಕೋರ್ಟಿಗೆ ಹೋದರು. ಯಕ್ಷಗಾನ ಎಲ್ಲರ ಪರಂಪರೆ, ಅದಕ್ಕೆಂಥ ಕಾಪಿರೈಟು ಅಂತ ನಮಗೆ ತಟ್ಟನೆ ಅನಿಸುತ್ತದೆ. ಆದರೆ ಕಾರಂತರು ಹೊಸದಾಗಿ ಕಟ್ಟಿದ್ದು ಅವರ ಕೃತಿಯೇ ಅಂತ ಕೋರ್ಟುಗಳು ಒಪ್ಪಿ, ಒಪ್ಪಿಗೆ ಇಲ್ಲದೆ ಆಡದಂತೆ ತಡೆಯಾಜ್ಞೆ ಕೊಟ್ಟವು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಉಳಿಸಿತು, ಜೊತೆಗೆ ಒಂದು ಬಾಗಿಲನ್ನೂ ತೆರೆದಿಟ್ಟಿತು: ಶಿಕ್ಷಣ ಸಂಸ್ಥೆಗೆ ಕಾಯ್ದೆ ಕೊಟ್ಟ ವಿನಾಯಿತಿಯ ಒಳಗೇ ಪ್ರದರ್ಶನ ನಡೆದರೆ ತಡೆಯಾಜ್ಞೆ ಅಡ್ಡಿ ಬರುವುದಿಲ್ಲ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೂ ಅಷ್ಟೇ.

ಕಾಲೇಜಿನ ರಂಗತಂಡ ಅಂತರ ಕಾಲೇಜು ಸ್ಪರ್ಧೆಗೆ, ರವೀಂದ್ರ ಕಲಾಕ್ಷೇತ್ರದ ಟಿಕೆಟ್ ಶೋಗೆ ಹೋಗುವಾಗ ನಾಟಕಕಾರರಿಗೆ ಒಂದು ಪತ್ರ ಬರೆಯಿರಿ. ನನಗೆ ತಿಳಿದಂತೆ ನಮ್ಮ ಹೆಚ್ಚಿನ ನಾಟಕಕಾರರು ವಿದ್ಯಾರ್ಥಿಗಳಿಗೆ ಇಲ್ಲ ಅನ್ನುವುದಿಲ್ಲ. ಕೇಳದೆ ಆಡಿದ್ದಕ್ಕೆ ಬೇಸರ ಮಾಡಿಕೊಳ್ಳುತ್ತಾರೆ.

ಫೆಸ್ಟ್‌ನಲ್ಲಿ ಡಿಜೆ ಇಡುತ್ತೇವೆ. ಅದಕ್ಕೂ?

ಹೊರಗಿನವರಿಗೆ ಪಾಸ್ ಮಾರಿ, ಸ್ಪಾನ್ಸರ್ ಬ್ಯಾನರ್ ಕಟ್ಟಿ, ಸಿನಿಮಾ ಹಾಡು ಹಾಕುವುದಾದರೆ ಲೈಸೆನ್ಸ್ ಬೇಕು. ಸಾಹಿತ್ಯ, ಸಂಗೀತದ ಹಕ್ಕಿಗೆ ಲೈಸೆನ್ಸ್ ಕೊಡಲು ಐಪಿಆರ್‌ಎಸ್ ಅನ್ನುವ ಸಂಸ್ಥೆ ಇದೆ, ಧ್ವನಿಮುದ್ರಣಕ್ಕೆ ಪಿಪಿಎಲ್‌ನಂಥ ಸಂಸ್ಥೆಗಳಿವೆ. ಫೆಸ್ಟ್ ಬಜೆಟ್ ಹಾಕುವಾಗಲೇ ಒಂದು ಸಾಲು ಸೇರಿಸಿಕೊಳ್ಳಿ.

ಮೇಷ್ಟ್ರ ನೋಟ್ಸ್ ಯಾರದ್ದು? ಅವರ ಪಾಠ ರೆಕಾರ್ಡ್ ಮಾಡಿ ಹಂಚಬಹುದಾ?

ಉದ್ಯೋಗದ ಕರಾರಿನಡಿ ಕೆಲಸದ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಸ್ಥೆಯೇ ಮೊದಲ ಮಾಲೀಕ ಅನ್ನುತ್ತದೆ 17ನೇ ಸೆಕ್ಷನ್. ಪಾಠ ಮಾಡಲು ನೇಮಕವಾದವರು ರಾತ್ರಿ ಮನೆಯಲ್ಲಿ ಕೂತು ಬರೆದ ಪುಸ್ತಕವೂ 'ಕೆಲಸದ ಭಾಗ'ವೇ? ವಾಡಿಕೆಯಲ್ಲಿ ಅದು ಮೇಷ್ಟ್ರದ್ದೇ, ರಾಯಲ್ಟಿಯೂ ಅವರಿಗೇ. ಆದರೆ ಸಂಸ್ಥೆ ದುಡ್ಡು ಕೊಟ್ಟು, ಸ್ಟುಡಿಯೋ ಕೊಟ್ಟು ಮಾಡಿಸಿದ ವಿಡಿಯೋ ಪಾಠಗಳ ವಿಷಯದಲ್ಲಿ ಮೊದಲೇ ಕಾಗದದ ಮೇಲೆ ಬರೆದುಕೊಳ್ಳದಿದ್ದರೆ ಜಗಳ ಖಂಡಿತ. ಮೇಷ್ಟ್ರು ಕಾಲೇಜು ಬದಲಿಸಿದ ದಿನವೇ ಅದು ಶುರುವಾಗುತ್ತದೆ.

ರೆಕಾರ್ಡಿಂಗ್ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಗೊತ್ತಿಲ್ಲದ ಒಂದು ಸಂಗತಿ: ಕಾಯ್ದೆ 'ಪ್ರದರ್ಶಕರು' ಅಂತ ಯಾರನ್ನು ಕರೆಯುತ್ತದೋ ಆ ಪಟ್ಟಿಯಲ್ಲಿ ಗಾಯಕ, ನರ್ತಕ, ಜಾದೂಗಾರ, ಹಾವಾಡಿಗರ ಜೊತೆ ಉಪನ್ಯಾಸ ಕೊಡುವವರೂ ಇದ್ದಾರೆ. ನಿಮ್ಮ ಓದಿಗೆ ರೆಕಾರ್ಡ್ ಮಾಡಿಕೊಳ್ಳಿ, ಕೇಳಿ ಮಾಡಿಕೊಳ್ಳಿ. ಯೂಟ್ಯೂಬ್‌ಗೆ ಹಾಕಬೇಡಿ.

ನನ್ನ ಪ್ರಬಂಧದ ಹಕ್ಕು ಯಾರದ್ದು? ಗೈಡ್‌ಗೂ ಪಾಲು ಇದೆಯಾ?

ಬರೆದವರು ನೀವು, ಹಕ್ಕು ನಿಮ್ಮದು. ವಿದ್ಯಾರ್ಥಿ ಸಂಸ್ಥೆಯ ನೌಕರ ಅಲ್ಲ. ಮಾರ್ಗದರ್ಶನ ಮಾಡಿದ್ದಕ್ಕೆ ಗೈಡ್‌ಗೆ ಕೃತಜ್ಞತೆ ಸಲ್ಲಬೇಕು, ಕಾಪಿರೈಟ್ ಸಲ್ಲಬೇಕಿಲ್ಲ. ವಿಚಾರಕ್ಕೆ ಕಾಪಿರೈಟ್ ಇಲ್ಲ, ಬರೆದ ರೂಪಕ್ಕೆ ಮಾತ್ರ. ಇಬ್ಬರೂ ಕೂತು ಬರೆದ ಲೇಖನವಾದರೆ ಇಬ್ಬರದ್ದು.

ಪಿಎಚ್‌ಡಿ ಪ್ರಬಂಧ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಶೋಧಗಂಗಾ ಅನ್ನುವ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಬರುತ್ತದೆ. ಅಲ್ಲಿ ಇಟ್ಟ ಮಾತ್ರಕ್ಕೆ ನೀವು ಹಕ್ಕು ಮಾರಿದ ಹಾಗಲ್ಲ. ಪುಸ್ತಕ ಮಾಡಬಹುದು. ಪ್ರಕಾಶಕರಿಗೆ ಮಾತ್ರ ಈ ವಿಷಯ ಮೊದಲೇ ಹೇಳಿ.

ನಿಮ್ಮ ಅಧ್ಯಾಯವನ್ನು ಬೇರೆಯವರು ತಮ್ಮ ಹೆಸರಲ್ಲಿ ಪ್ರಕಟಿಸಿದರೆ? 57ನೇ ಸೆಕ್ಷನ್ ಲೇಖಕನಿಗೆ ಒಂದು ವಿಶೇಷ ಹಕ್ಕು ಕೊಡುತ್ತದೆ. ಕಾಪಿರೈಟನ್ನೇ ಮಾರಿದ್ದರೂ 'ಇದನ್ನು ಬರೆದವನು ನಾನು' ಅನ್ನುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ಡ್ರಾಫ್ಟ್‌ಗಳು, ಗೈಡ್‌ಗೆ ಕಳಿಸಿದ ಇಮೇಲ್‌ಗಳು, ತಾರೀಖು ಇರುವ ಫೈಲ್‌ಗಳನ್ನು ಅಳಿಸಬೇಡಿ. ಸಾಕ್ಷಿ ಅವೇ.

ಜರ್ನಲ್ ಲೇಖನ ದುಡ್ಡು ಕೊಡದೆ ಓದುವುದು ಹೇಗೆ? ಸೈ-ಹಬ್ ಬಳಸಬಹುದಾ?

ಪ್ರಕಾಶಕರ ಅನುಮತಿ ಇಲ್ಲದೆ ಜರ್ನಲ್ ಲೇಖನಗಳನ್ನು ಪುಕ್ಕಟೆ ಕೊಡುವ ತಾಣ ಸೈ-ಹಬ್. ಅದರ ಮೇಲೆ ಪ್ರಕಾಶಕರಾದ ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ 2020ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಕೇಸು ಹಾಕಿದವು. 2025ರ ಆಗಸ್ಟ್‌ನಲ್ಲಿ ಅದನ್ನು ಭಾರತದಲ್ಲಿ ಬ್ಲಾಕ್ ಮಾಡುವಂತೆ ಆದೇಶವಾಯಿತು. ಸಂಶೋಧಕರು ಅಲ್ಲಿಗೆ ಯಾಕೆ ಹೋಗುತ್ತಿದ್ದರು ಅನ್ನುವುದು ಎಲ್ಲರಿಗೂ ಗೊತ್ತು. ಒಂದು ಲೇಖನಕ್ಕೆ 30 ಡಾಲರ್ ಕೊಟ್ಟು ಓದುವ ಶಕ್ತಿ ತಾಲ್ಲೂಕು ಕೇಂದ್ರದ ಕಾಲೇಜಿಗೆ ಇಲ್ಲ.

2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಯೋಜನೆ ಬಂದಿದೆ. 3 ವರ್ಷಕ್ಕೆ 6000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಕೇಂದ್ರ, ರಾಜ್ಯ ಸರ್ಕಾರಗಳ 6300ರಷ್ಟು ಸಂಸ್ಥೆಗಳು ಇದರಲ್ಲಿವೆ. ನಿಮ್ಮದು ಸರ್ಕಾರಿ ಕಾಲೇಜಾಗಿದ್ದರೆ ಲೈಬ್ರರಿಯಲ್ಲಿ ಲಾಗಿನ್ ಕೇಳಿ. ಖಾಸಗಿ ಕಾಲೇಜಿನವರು ಲೇಖಕರಿಗೇ ಒಂದು ಇಮೇಲ್ ಬರೆಯಿರಿ. ಹೆಚ್ಚಿನವರು ಖುಷಿಯಿಂದ ಪಿಡಿಎಫ್ ಕಳಿಸುತ್ತಾರೆ.

ಇಂಗ್ಲಿಷ್ ಪಠ್ಯವನ್ನು ಕನ್ನಡಕ್ಕೆ ಅನುವಾದಿಸಿ ವಿದ್ಯಾರ್ಥಿಗಳಿಗೆ ಕೊಡಬಹುದಾ?

ಅನುವಾದದ ಹಕ್ಕು ಮೂಲ ಲೇಖಕರದ್ದು. ಒಂದು ಅಧ್ಯಾಯವನ್ನು ಕ್ಲಾಸಿಗಾಗಿ ಕನ್ನಡ ಮಾಡಿ ಹಂಚಿದರೆ ಯಾರೂ ಕೇಳಲಾರರು, ಬೋಧನೆಯ ವಿನಾಯಿತಿಯ ಮೊರೆ ಹೋಗಬಹುದು. ಪುಸ್ತಕ ಮಾಡಿ ಮಾರುವುದಾದರೆ ಅನುಮತಿ ಬೇಕೇ ಬೇಕು. ಹಾಗೆ ಮಾಡಿದ ಅನುವಾದಕ್ಕೆ ಅನುವಾದಕರ ಸ್ವಂತ ಕಾಪಿರೈಟ್ ಇರುತ್ತದೆ.

ಅಂಧ ವಿದ್ಯಾರ್ಥಿಗೆ ಪುಸ್ತಕವನ್ನು ಆಡಿಯೋ ಮಾಡಿಕೊಡಲು ಪ್ರಕಾಶಕರನ್ನು ಕೇಳಬೇಕಾ?

ಬೇಡ. ಬ್ರೈಲ್, ಆಡಿಯೋ, ದೊಡ್ಡಕ್ಷರ, ಸ್ಕ್ರೀನ್ ರೀಡರ್ ಓದುವ ಫೈಲ್, ಯಾವುದಾದರೂ ಮಾಡಿ. 2012ರ ತಿದ್ದುಪಡಿ ಇದಕ್ಕೆ ಅನುಮತಿ ಕೊಟ್ಟಿದೆ. ಲಾಭಕ್ಕೆ ಮಾರಬಾರದು, ಅಂಗವೈಕಲ್ಯ ಇಲ್ಲದವರಿಗೆ ಹಂಚಿಕೆಯಾಗದಂತೆ ನೋಡಿಕೊಳ್ಳಬೇಕು. ಇದೇ ವಿಷಯದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ್ದು ಭಾರತ. ಎನ್‌ಎಸ್‌ಎಸ್ ಘಟಕಗಳು ಮಾಡಬಹುದಾದ ಒಳ್ಳೆಯ ಕೆಲಸ ಇದು. ಕನ್ನಡ ಪಠ್ಯಗಳ ಆಡಿಯೋ ಇನ್ನೂ ತುಂಬ ಕಡಿಮೆ.

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಪೇಟೆಂಟ್ ಸಿಗುತ್ತದಾ?

ಹೊಸದಾಗಿರಬೇಕು, ಆ ಕ್ಷೇತ್ರ ಬಲ್ಲವರಿಗೂ ಸುಲಭವಾಗಿ ಹೊಳೆಯದಂಥದ್ದಾಗಿರಬೇಕು, ಉದ್ಯಮದಲ್ಲಿ ಬಳಸುವಂತಿರಬೇಕು. ಬರೀ ಸಾಫ್ಟ್‌ವೇರ್‌ಗೆ ಸಿಗುವುದಿಲ್ಲ. ಆದರೆ ಕೋಡ್‌ಗೆ ಕಾಪಿರೈಟ್ ಇದ್ದೇ ಇದೆ, ಕಾಯ್ದೆ ಅದನ್ನು ಸಾಹಿತ್ಯ ಕೃತಿ ಅಂತಲೇ ಕರೆಯುತ್ತದೆ.

ವಿದ್ಯಾರ್ಥಿಗಳು ಕೈ ಸುಟ್ಟುಕೊಳ್ಳುವುದು 'ಹೊಸತು' ಅನ್ನುವ ಮಾತಿನಲ್ಲಿ. ಅಡಿಕೆ ಸುಲಿಯುವ ಒಂದು ಯಂತ್ರ ಮಾಡಿದಿರಿ ಅಂದುಕೊಳ್ಳಿ. ಖುಷಿಯಲ್ಲಿ ಪ್ರಾಜೆಕ್ಟ್ ಎಕ್ಸ್‌ಪೋದಲ್ಲಿ ಇಟ್ಟಿರಿ, ಬಿಚ್ಚಿ ತೋರಿಸಿದಿರಿ, ಪತ್ರಿಕೆಯಲ್ಲಿ ಫೋಟೋ ಬಂತು, ಇನ್‌ಸ್ಟಾಗ್ರಾಂ ರೀಲ್ ಆಯಿತು. ಆಮೇಲೆ ಪೇಟೆಂಟ್‌ಗೆ ಹೋದರೆ 'ಇದು ಈಗಾಗಲೇ ಬಹಿರಂಗವಾಗಿದೆ' ಅಂತ ನಿಮ್ಮದೇ ರೀಲನ್ನು ನಿಮ್ಮ ಮುಂದೆ ಇಡಬಹುದು. ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧದಂಥ ಕೆಲವಕ್ಕೆ ಮಾತ್ರ 12 ತಿಂಗಳ ರಿಯಾಯಿತಿ ಇದೆ. ಊರಿನ ಎಕ್ಸ್‌ಪೋ ಅದರಲ್ಲಿ ಬರುವುದಿಲ್ಲ. ಆದ್ದರಿಂದ ಮೊದಲು ಪ್ರಾವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ, ಆಮೇಲೆ ತೋರಿಸಿ. ಪ್ರಾವಿಷನಲ್ ಹಾಕಿದ ಮೇಲೆ ಪೂರ್ಣ ವಿವರಣೆ ಕೊಡಲು 12 ತಿಂಗಳು ಸಿಗುತ್ತದೆ.

ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವ ಶುಲ್ಕ 1600 ರೂಪಾಯಿ. ಶಿಕ್ಷಣ ಸಂಸ್ಥೆಗಳಿಗೂ 2021ರಿಂದ ಶುಲ್ಕದಲ್ಲಿ ಶೇ 80 ಕಡಿತ ಇದೆ. ದುಬಾರಿಯಾಗುವುದು ಅರ್ಜಿ ಬರೆಸುವ ಪೇಟೆಂಟ್ ಏಜೆಂಟರ ಫೀಸು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತವೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಪೇಟೆಂಟ್ ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ.

ಇನ್ನು ಮಾಲೀಕತ್ವ. 2019ರ ರಾಷ್ಟ್ರೀಯ ನಾವೀನ್ಯತೆ ಮತ್ತು ಸ್ಟಾರ್ಟಪ್ ನೀತಿಯ ಪ್ರಕಾರ ಸಂಸ್ಥೆಯ ಲ್ಯಾಬ್, ಹಣವನ್ನು ಹೆಚ್ಚಾಗಿ ಬಳಸಿದ್ದರೆ ಅಥವಾ ಅದು ಪಠ್ಯಕ್ರಮದ ಭಾಗವಾಗಿದ್ದರೆ ಸಂಶೋಧಕರು, ಸಂಸ್ಥೆ ಇಬ್ಬರಿಗೂ ಜಂಟಿ ಹಕ್ಕು. ಇವೆರಡೂ ಇಲ್ಲದಿದ್ದರೆ ಪೂರ್ತಿ ನಿಮ್ಮದು. ಇದು ನೀತಿ, ಕಾಯ್ದೆಯಲ್ಲ. ನಿಮ್ಮ ಕಾಲೇಜಿನ ಐಪಿ ಪಾಲಿಸಿಯ ಪ್ರತಿ ಕೇಳಿ ಓದಿ. ಏನೂ ಕೆಲಸ ಮಾಡದವರ ಹೆಸರು ಸಂಶೋಧಕರ ಪಟ್ಟಿಯಲ್ಲಿ ಸೇರುವುದನ್ನು ನಾನು ನೋಡಿದ್ದೇನೆ. ಅದು ಗೌರವ ಕೊಡುವ ರೀತಿ ಅಲ್ಲ, ಸುಳ್ಳು ಘೋಷಣೆ.

ಚನ್ನಪಟ್ಟಣ ಗೊಂಬೆ, ಇಳಕಲ್ ಸೀರೆ ಆಧರಿಸಿ ಡಿಸೈನ್ ಪ್ರಾಜೆಕ್ಟ್ ಮಾಡಬಹುದಾ?

ಮಾಡಿ. ಸ್ಫೂರ್ತಿಗೆ ಅಡ್ಡಿಯಿಲ್ಲ. ಅವುಗಳಿಗಿರುವುದು ಭೌಗೋಳಿಕ ಸೂಚಕ, ಅಂದರೆ ಜಿಐ. ಬೇರೆಲ್ಲೋ ಮಾಡಿಸಿದ ಮಾಲಿಗೆ 'ಚನ್ನಪಟ್ಟಣ ಗೊಂಬೆ' ಅಂತ ಹೆಸರಿಟ್ಟು ಮಾರುವಂತಿಲ್ಲ, ಅಷ್ಟೇ.

ಕಾಪಿರೈಟ್ ರಿಜಿಸ್ಟರ್ ಮಾಡಿಸಲೇಬೇಕಾ?

ಬೇಡ. ಬರೆದ ಕ್ಷಣದಿಂದ ಹಕ್ಕು ಬರುತ್ತದೆ. ನೋಂದಣಿ ಮುಂದೆ ಸಾಕ್ಷಿಯಾಗಿ ಕೆಲಸಕ್ಕೆ ಬರುತ್ತದೆ, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಬಡ್ತಿಯ ಅಂಕಕ್ಕಾಗಿ ಪಿಪಿಟಿಗಳನ್ನೆಲ್ಲ ರಿಜಿಸ್ಟರ್ ಮಾಡಿಸುವ ಹೊಸ ಚಟಕ್ಕೆ ನನ್ನ ಬೆಂಬಲ ಇಲ್ಲ.

ಚಾಟ್‌ಜಿಪಿಟಿ ಬರೆದ ಅಸೈನ್‌ಮೆಂಟ್ ಯಾರದ್ದು?

ಕಂಪ್ಯೂಟರ್‌ನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣರಾದ ವ್ಯಕ್ತಿಯೇ ಕರ್ತೃ ಅನ್ನುವ ಸಾಲು ನಮ್ಮ ಕಾಯ್ದೆಯಲ್ಲಿ 1994ರ ತಿದ್ದುಪಡಿಯಿಂದ ಇದೆ. ಅದು ಇವತ್ತಿನ ಎಐಗೆ ಎಷ್ಟು ಒಗ್ಗುತ್ತದೆ ಅನ್ನುವುದು ಚರ್ಚೆಯ ವಿಷಯ. ಸುದ್ದಿ ಸಂಸ್ಥೆ ಎಎನ್‌ಐ 2024ರ ನವೆಂಬರ್‌ನಲ್ಲಿ ಓಪನ್‌ಎಐ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಹಾಕಿದ ಕೇಸು ಇನ್ನೊಂದು ಬದಿಯದ್ದು: ತನ್ನ ಸುದ್ದಿಗಳನ್ನು ತರಬೇತಿಗೆ ಬಳಸಿದ್ದು ತಪ್ಪು ಅಂತ. ಅಸೈನ್‌ಮೆಂಟ್ ಮಟ್ಟಿಗೆ ಹೇಳುವುದಾದರೆ, ಕಾಪಿರೈಟ್ ಯಾರದ್ದಾದರೂ ಆಗಲಿ, ಅಂಕ ನಿಮ್ಮ ಕೆಲಸಕ್ಕೆ. ಬಳಸಿದ್ದರೆ ಬಳಸಿದ್ದೇನೆ ಅಂತ ಬರೆಯಿರಿ.

ಇದನ್ನೆಲ್ಲ ಕ್ರಮವಾಗಿ ಕಲಿಯುವುದು ಎಲ್ಲಿ?

ವಿಟಿಯು ಇಂಜಿನಿಯರಿಂಗ್ ಪಠ್ಯದಲ್ಲಿ ಸಂಶೋಧನಾ ವಿಧಾನ ಮತ್ತು ಬೌದ್ಧಿಕ ಆಸ್ತಿ ಹಕ್ಕು ಅನ್ನುವ ಕೋರ್ಸ್ ಇದೆ. ಬಿಎ, ಬಿಕಾಂ ಓದುವವರಿಗೆ ಅಂಥದ್ದು ಸಿಗುವುದು ಅಪರೂಪ. ನನ್ನ ದೂರು ಅದೇ. ಬರೆಯುವವರು, ಅನುವಾದಿಸುವವರು, ಯೂಟ್ಯೂಬ್ ಚಾನೆಲ್ ನಡೆಸುವವರು ಜಾಸ್ತಿ ಬರುವುದು ಅಲ್ಲಿಂದಲೇ ಅಲ್ವಾ? ಕೇಂದ್ರದ ನಿಪಮ್ ಕಾರ್ಯಕ್ರಮ 2021ರ ಡಿಸೆಂಬರ್‌ನಲ್ಲಿ ಶುರುವಾಯಿತು, ಕಾಲೇಜಿನವರು ಕೇಳಿಕೊಂಡರೆ ಪೇಟೆಂಟ್ ಕಚೇರಿಯ ಅಧಿಕಾರಿಗಳು ಉಚಿತವಾಗಿ ಪಾಠ ಮಾಡುತ್ತಾರೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೋದ ಡಿಎಲ್-101 ಕೋರ್ಸ್ ಆನ್‌ಲೈನ್‌ನಲ್ಲಿ ಉಚಿತ. ಗಂಭೀರವಾಗಿ ಓದುವವರಿಗೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ದೂರಶಿಕ್ಷಣದ ಡಿಪ್ಲೊಮಾ ಇದೆ.

ಕಾಲೇಜಿಗೆ ನೋಟಿಸ್ ಬಂದೇಬಿಟ್ಟಿತು. ಮೊದಲು ಏನು ಮಾಡಬೇಕು?

ಉತ್ತರ ಬರೆಯಲು ಅವಸರ ಮಾಡಬೇಡಿ, ಉತ್ತರಿಸದೆಯೂ ಇರಬೇಡಿ. ವೆಬ್‌ಸೈಟಿನಲ್ಲಿ ಅಥವಾ ರೆಪಾಸಿಟರಿಯಲ್ಲಿ ಇರುವ ಫೈಲಿನ ಬಗ್ಗೆ ದೂರಾಗಿದ್ದರೆ ಸದ್ಯಕ್ಕೆ ಕೆಳಗಿಳಿಸಿ. ಬೇರೆಯವರು ಹಾಕಿದ ಸಾಮಗ್ರಿ ಇಟ್ಟುಕೊಳ್ಳುವ ತಾಣಗಳಿಗೆ ನಿಯಮ ಕೊಡುವುದು 36 ಗಂಟೆ. 21 ದಿನದೊಳಗೆ ದೂರುದಾರರು ಕೋರ್ಟಿನ ಆದೇಶ ತರದಿದ್ದರೆ ಅದನ್ನು ಮತ್ತೆ ಹಾಕಬಹುದು. ಇಳಿಸಿದ್ದು ತಪ್ಪೊಪ್ಪಿಗೆ ಆಗುವುದಿಲ್ಲ.

ಆಮೇಲೆ ಮೂರು ವಿಷಯ ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಭಾಗ ಬಳಸಿದ್ದು, ಯಾವ ಪಾಠಕ್ಕೆ, ಯಾರಿಗೆಲ್ಲ ಸಿಕ್ಕಿತು. ಸಿಲಬಸ್ ಪ್ರತಿಯನ್ನು ಅದಕ್ಕೆ ಪಿನ್ ಮಾಡಿ. ನೋಟಿಸ್ ಕಳಿಸಿದವರೇ ನಿಜವಾದ ಹಕ್ಕುದಾರರೇ ಅಂತ ಕೇಳಿ, ಕಾಗದ ತೋರಿಸಲು ಹೇಳಿ. ಸುಮ್ನೆ ಹೆದರಿಸಿ ದುಡ್ಡು ಕೇಳುವ ಮೇಲ್‌ಗಳೂ ಬರುತ್ತವೆ. ಆ ಹಾಳೆ ತಗೊಂಡು ಪ್ರಿನ್ಸಿಪಾಲರನ್ನು, ಅವರ ಮೂಲಕ ವಕೀಲರನ್ನು ಕಾಣಿ.